ಒಬ್ಬರಿಗೆ 70 ಚದರಡಿ: ನಿಮ್ಮ ಪಿಜಿ ರೂಮು ಅಳೆದು ನೋಡಿದ್ದೀರಾ?

ಮೂರನೇ ಮಂಚ:
ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು. ಬೆಂಗಳೂರಿಗೆ ಬಂದು ಎರಡು ವರ್ಷ ಆಯಿತು. ಮಾರತ್‌ಹಳ್ಳಿ ಹತ್ತಿರ ಒಂದು ಪಿಜಿಯಲ್ಲಿದ್ದೇನೆ. ಫೋರ್ ಶೇರಿಂಗ್. ಬಾಗಿಲಿನಿಂದ ಎಣಿಸಿದರೆ ಮೂರನೇ ಮಂಚ ನನ್ನದು.

ಕಳೆದ ಭಾನುವಾರ ಪಕ್ಕದ ಮಂಚದ ಹುಡುಗಿ ಬ್ಲೌಸಿನ ಅಳತೆಗೆ ಅಂತ ಹೊಲಿಗೆ ಟೇಪು ತಂದಿದ್ದಳು. ಅದು ಕೈಯಲ್ಲಿದ್ದಾಗ ಸುಮ್ನೆ ರೂಮನ್ನೂ ಅಳೆದೆವು. ಉದ್ದ 12 ಅಡಿ, ಅಗಲ 10 ಅಡಿ. ಒಟ್ಟು 120 ಚದರಡಿ. ನಾವು ನಾಲ್ಕು ಜನ, ತಲಾ 30. ಅದರಲ್ಲಿ ಮಂಚಕ್ಕೇ 18 ಹೋಗುತ್ತದೆ. ಉಳಿದ 12ರಲ್ಲಿ ಬೀರು, ಸೂಟ್‌ಕೇಸು, ಚಪ್ಪಲಿ, ಓಡಾಡುವ ಜಾಗ ಎಲ್ಲ ಆಗಬೇಕು. ಒಬ್ಬಳು ಬಟ್ಟೆ ಬದಲಾಯಿಸುವಾಗ ಉಳಿದವರು ಮಂಚದ ಮೇಲೆ ಕಾಲು ಮಡಚಿ ಗೋಡೆ ಕಡೆ ತಿರುಗಿ ಕೂರುತ್ತೇವೆ. ಕಿಟಕಿ ಇದೆ. ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಕೈ ಚಾಚಿದರೆ ಸಿಗುತ್ತದೆ. ಮಧ್ಯಾಹ್ನ 12 ಗಂಟೆಗೂ ಟ್ಯೂಬ್‌ಲೈಟ್ ಹಾಕಬೇಕು.

2024ರಲ್ಲಿ ಆಗಿನ ಬೆಂಗಳೂರು ಪಾಲಿಕೆ, ಬಿಬಿಎಂಪಿ, ಪಿಜಿಗಳಿಗೆ ನಿಯಮ ಮಾಡಿತ್ತು. ಒಬ್ಬರಿಗೆ ಕನಿಷ್ಠ 70 ಚದರಡಿ ಇರಲೇಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಆ ಲೆಕ್ಕಕ್ಕೆ ನಮ್ಮ ರೂಮಿನಲ್ಲಿ ಇಬ್ಬರಿಗೂ ಜಾಗ ಸಾಲದು. ನಮ್ಮ ಪಿಜಿಯವರನ್ನು ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಇಬ್ಬರನ್ನು ಖಾಲಿ ಮಾಡಿಸುತ್ತೇನೆ, ಉಳಿದ ಇಬ್ಬರು ಡಬಲ್ ಕೊಡಿ, ಆಗುತ್ತಾ?" ಅಂದರು. ನಾನು ಈಗ 7,500 ಕೊಡುತ್ತೇನೆ. 15,000 ಕೊಡಲು ನನ್ನಿಂದ ಆಗುವುದಿಲ್ಲ. ರೂಮಿಗೆ ಬಂದು ಹೇಳಿದಾಗ ನಾಲ್ವರೂ ಸುಮ್ಮನಾದೆವು. ಯಾರು ಹೋಗಬೇಕು ಅನ್ನುವ ಮಾತೇ ಯಾರ ಬಾಯಿಂದಲೂ ಬರಲಿಲ್ಲ.

ನನ್ನ ಪ್ರಶ್ನೆ ಇದು. ನಿಯಮ ಜಾರಿಗೂ ಬರಬೇಕು, ನಾವು ಬೀದಿಗೂ ಬೀಳಬಾರದು. ಅದಕ್ಕೆ ಪಾಲಿಕೆ ಏನು ಮಾಡಬಹುದು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಆರ್‌ಟಿ ನಗರ ಅಪ್ಪ:
ಒಂದು ಸಣ್ಣ ಅನುಮಾನ. ಈ ನಿಯಮ ಪಿಜಿಗೆ ಮಾತ್ರವೋ, ಬಾಡಿಗೆ ಮನೆಗೂ ಇದೆಯೋ?

ರಿಟೈರ್ಡ್ ಇಂಜಿನಿಯರ್:
ಪಿಜಿಗೆ ಮಾತ್ರ ಸರ್. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರೊಳಗೆ ಒಬ್ಬ ಯುವತಿಯ ಕೊಲೆ ಆಯಿತು. ಮುಂದಿನ ತಿಂಗಳೇ ಈ ಮಾರ್ಗಸೂಚಿ ಬಂತು. ಹಾಗಾಗಿ ಅದರಲ್ಲಿ ಭದ್ರತೆಯ ಮಾತು ಜಾಸ್ತಿ. ಬಾಗಿಲುಗಳಿಗೆ ಸಿಸಿಟಿವಿ ಇರಬೇಕು, ಅದರ ದೃಶ್ಯ 90 ದಿನ ಇಟ್ಟಿರಬೇಕು. ದಿನದ 24 ಗಂಟೆಯೂ ಕಾವಲಿಗೆ ಒಬ್ಬರಾದರೂ ಇರಬೇಕು. ಅಡುಗೆ ಮನೆ ಇದ್ದರೆ ಆಹಾರ ಸುರಕ್ಷತಾ ಪರವಾನಗಿ ತೆಗೆದುಕೊಳ್ಳಬೇಕು. ಬೆಂಕಿ ಅವಘಡದ ಮುನ್ನೆಚ್ಚರಿಕೆ, ಕಸ ವಿಂಗಡಣೆ, ಸಹಾಯವಾಣಿ ನಂಬರಿನ ಬೋರ್ಡು, ಇವೆಲ್ಲ ಇವೆ. ಜಾಗದ್ದು 70 ಚದರಡಿ. ನೀರು ಒಬ್ಬರಿಗೆ ದಿನಕ್ಕೆ 135 ಲೀಟರ್.

ಸಾಮಾನ್ಯ ಬಾಡಿಗೆ ಮನೆಗೆ ಪಾಲಿಕೆಯಿಂದ ಇಂಥ ಪಟ್ಟಿ ಯಾವುದೂ ಇಲ್ಲ. ನಕ್ಷೆ ಮಂಜೂರಾಗುವಾಗ ರೂಮಿನ ಅಳತೆ, ಗಾಳಿ, ಬೆಳಕು ನೋಡುವುದಿದೆ. ಆಮೇಲೆ ಆ ಮನೆಯೊಳಗೆ ಯಾರೂ ಹೋಗಿ ನೋಡುವುದಿಲ್ಲ.

ಮೂರನೇ ಮಂಚ:
135 ಲೀಟರ್ ಅಂದರೆ ಹೆಚ್ಚುಕಡಿಮೆ ಏಳು ಬಕೆಟ್. ನಮ್ಮಲ್ಲಿ ಬೆಳಿಗ್ಗೆ ಎಂಟಾದ ಮೇಲೆ ನಲ್ಲಿ ಸಣ್ಣಗಾಗುತ್ತದೆ. 2024ರ ಬೇಸಿಗೆ ನೆನಪಿದೆಯಲ್ಲ, ಬೋರ್‌ವೆಲ್‌ಗಳೆಲ್ಲ ಬತ್ತಿದ್ದು? ಆಗ ಒಬ್ಬರಿಗೆ ಒಂದೇ ಬಕೆಟ್ ಅಂತ ಬಾತ್‌ರೂಮ್ ಬಾಗಿಲಿಗೆ ಚೀಟಿ ಅಂಟಿಸಿದ್ದರು.

ಮೇಲ್ಮನೆ ಟೀಚರ್:
ಮಗಳೇ, ನಾನು ಮನೆ ಬಾಡಿಗೆಗೆ ಕೊಡುವವಳು. ನಾಗರಬಾವಿಯಲ್ಲಿ 30×40 ಸೈಟು. ಕೆಳಗೆ ನಾನಿದ್ದೇನೆ, ಮೇಲೆ ಎರಡು ಮನೆ. ನಮ್ಮ ಯಜಮಾನರು ಹೋದ ಮೇಲೆ ಆ ಬಾಡಿಗೆ ಮತ್ತು ನನ್ನ ಪೆನ್ಷನ್ನಿನಲ್ಲಿ ಜೀವನ. ನಿನ್ನ ಬರಹ ಓದಿ ಹೊಟ್ಟೆ ಕಿವುಚಿದಂತಾಯಿತು. ನಾವು ಹೈಸ್ಕೂಲು ಹಾಸ್ಟೆಲಿನಲ್ಲಿ ಚಾಪೆ ಹಾಸಿ ಮಲಗಿದ್ದವರು. ಆದರೂ ಕಿಟಕಿ ತೆಗೆದರೆ ಬೇವಿನ ಮರ ಕಾಣುತ್ತಿತ್ತು.

ನೀನು ಕೇಳಿದ್ದಕ್ಕೆ ನನಗೆ ತಿಳಿದ ಒಂದು ವಿಷಯ ಹೇಳುತ್ತೇನೆ. ಆಸ್ತಿ ತೆರಿಗೆ ಕಟ್ಟುವಾಗ ಒಂದು ಕಾಲಂ ಇದೆ. ಮನೆಯಲ್ಲಿ ನೀವೇ ಇದ್ದೀರಾ, ಬಾಡಿಗೆಗೆ ಕೊಟ್ಟಿದ್ದೀರಾ ಅಂತ. 2008ರಿಂದ ಈ ಪದ್ಧತಿ. ಬಾಡಿಗೆ ಅಂತ ಬರೆದರೆ ಚದರಡಿಗೆ ಎರಡರಷ್ಟು ದರ. ಏನು ಬರೆಯಬೇಕು ಅನ್ನುವುದು ನಮ್ಮ ಕೈಯಲ್ಲೇ ಇದೆ. ನಾನು ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ನಮ್ಮ ಬೀದಿಯಲ್ಲಿ ಐದು ಮನೆ ಬಾಡಿಗೆಗೆ ಕೊಟ್ಟವರು ಐದರಲ್ಲೂ ತಾವೇ ಇದ್ದೇವೆ ಅಂತ ಬರೆದದ್ದು ನನಗೆ ಗೊತ್ತು. "ಟೀಚರೇ, ಸುಮ್ನೆ ಯಾಕೆ ಜಾಸ್ತಿ ಕಟ್ಟುತ್ತೀರಿ?" ಅಂತ ನನಗೇ ಬುದ್ಧಿ ಹೇಳುತ್ತಾರೆ.

ಹೀಗಾದರೆ ಈ ಊರಿನಲ್ಲಿ ಎಷ್ಟು ಬಾಡಿಗೆ ಮನೆ ಇವೆ ಅಂತ ಪಾಲಿಕೆಗೆ ಹೇಗೆ ತಿಳಿಯಬೇಕು? ಇಷ್ಟು ವರ್ಷ ಹಾಜರಿ ಕರೆದವಳು ನಾನು. ಹೆಸರೇ ಇಲ್ಲದ ಮಗುವಿಗೆ ಪಾಠ ಹೇಗೆ ಮಾಡುವುದು?

ಈಸ್ಟ್ ಹ್ಯಾಮ್ ಕನ್ನಡಿಗ:
ಅಕ್ಕ, 70 ಚದರಡಿ ಅಂತ ಓದಿ ಎದ್ದು ಕೂತೆ. ನಾನು ಲಂಡನ್ನಿನ ಪೂರ್ವದ ನ್ಯೂಹ್ಯಾಮ್‌ನಲ್ಲಿದ್ದೇನೆ. ಓದಲು ಬರುವ ನಮ್ಮ ಕಡೆಯ ಹುಡುಗರು ಬಹಳ ಜನ ಮೊದಲು ಇಳಿಯುವುದು ಈಸ್ಟ್ ಹ್ಯಾಮ್‌ನಲ್ಲೇ. ದೋಸೆ, ದೇವಸ್ಥಾನ, ಕಡಿಮೆ ಬಾಡಿಗೆಯ ರೂಮು ಎಲ್ಲ ಇಲ್ಲಿ ಸಿಗುತ್ತವೆ. ಇಂಗ್ಲೆಂಡಿನಲ್ಲಿ ಬೇರೆ ಬೇರೆ ಮನೆಯವರು ಐದು ಜನ ಅಥವಾ ಜಾಸ್ತಿ ಸೇರಿ ಅಡುಗೆಮನೆ, ಬಾತ್‌ರೂಮ್ ಹಂಚಿಕೊಂಡಿದ್ದರೆ ಆ ಮನೆಗೆ ಲೈಸೆನ್ಸ್ ಬೇಕು. 2018ರ ಅಕ್ಟೋಬರ್‌ನಿಂದ ಅಂಥ ಮನೆಯಲ್ಲಿ ಒಬ್ಬರು ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್ ಇರಬೇಕು. ಅದನ್ನು ಅಡಿಗೆ ತಿರುಗಿಸಿದರೆ ಸರಿಯಾಗಿ 70! ಇಬ್ಬರಿಗೆ 10.22 ಚದರ ಮೀಟರ್, ಅಂದರೆ 110 ಚದರಡಿ. ಚಾವಣಿ ಒಂದೂವರೆ ಮೀಟರ್‌ಗಿಂತ ತಗ್ಗಿರುವ ಮೂಲೆ ಇದ್ದರೆ ಅದನ್ನು ಅಳತೆಗೆ ಹಿಡಿಯುವುದಿಲ್ಲ.

ಒಬ್ಬರಿಗೆ ಅಳತೆ ಎರಡೂ ಕಡೆ ಒಂದೇ. ಅದನ್ನು ಜಾರಿಗೆ ತರುವುದು ಮಾತ್ರ ಬೇರೆ. ಕೋಣೆ ಚಿಕ್ಕದು ಅಂತ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ಪಾಲಿಕೆಗೆ, ಗೊತ್ತಾದರೆ ಮಾರನೇ ದಿನವೇ ಜನರನ್ನು ಹೊರಗೆ ಹಾಕಿಸಬೇಕಿಲ್ಲ. ಮೊದಲ ಸಲ ಲೈಸೆನ್ಸ್ ಕೊಡುವಾಗ ಸರಿಪಡಿಸಲು 18 ತಿಂಗಳವರೆಗೂ ಗಡುವು ಕೊಡಬಹುದು. ನೀವು ಕೇಳಿದ್ದು ಇದನ್ನೇ ಅಲ್ವಾ? ಇರುವವರು ಇರಲಿ, ಒಬ್ಬರು ತಾವಾಗಿ ಬಿಟ್ಟು ಹೋದರೆ ಆ ಜಾಗಕ್ಕೆ ಇನ್ನೊಬ್ಬರನ್ನು ತರಬೇಡಿ ಅನ್ನಬಹುದು.

ಇನ್ನೊಂದು. ಲೈಸೆನ್ಸ್ ಇರುವ ಹಂಚಿಕೆ ಮನೆಗಳ ಪಟ್ಟಿಯನ್ನು ಕೌನ್ಸಿಲ್ ಎಲ್ಲರಿಗೂ ಕಾಣುವಂತೆ ಇಡಲೇಬೇಕು. ಲೈಸೆನ್ಸ್ ಇಲ್ಲದೆ ಬಾಡಿಗೆ ವಸೂಲಿ ಮಾಡಿದ್ದರೆ ಬಾಡಿಗೆದಾರ ನ್ಯಾಯಮಂಡಳಿಗೆ ಹೋಗಬಹುದು. ಕೊಟ್ಟ ಬಾಡಿಗೆಯನ್ನು ಒಂದು ವರ್ಷದ ಮಟ್ಟಿಗೆ ವಾಪಸ್ ಪಡೆದವರಿದ್ದಾರೆ. ಹಾಗಾಗಿ ಲೈಸೆನ್ಸ್ ಇದೆಯಾ ಅಂತ ಬಾಡಿಗೆದಾರರೇ ಹುಡುಕಿ ನೋಡುತ್ತಾರೆ.

ಮೂರನೇ ಮಂಚ:
ಅಣ್ಣ, 18 ತಿಂಗಳ ಮಾತು ಬಹಳ ಇಷ್ಟವಾಯಿತು. ನಮ್ಮ ನಾಲ್ವರಲ್ಲಿ ಒಬ್ಬಳಿಗೆ ಮದುವೆ ನಿಶ್ಚಯ ಆಗಿದೆ. ಆರು ತಿಂಗಳಲ್ಲಿ ಹೊರಡುತ್ತಾಳೆ. ಆ ಮಂಚ ಖಾಲಿಯಾದಾಗ ತುಂಬಬೇಡಿ ಅಂದರೆ ಸಾಕಿತ್ತು. ಯಾರನ್ನೂ ಓಡಿಸಬೇಕಿರಲಿಲ್ಲ.

ಬಿಟಿಎಂ ಪಿಜಿ:
ನಾನು ಪಿಜಿ ನಡೆಸುತ್ತೇನೆ. ಬೈಯುವವರು ಬೈಯಲಿ, ಲೆಕ್ಕ ಮುಂದಿಡುತ್ತೇನೆ.

ಕಟ್ಟಡ ನನ್ನದಲ್ಲ, ಲೀಸಿಗೆ ತೆಗೆದುಕೊಂಡಿದ್ದೇನೆ. 20 ರೂಮು, ಐದು ಮಹಡಿ. ಮಾಲೀಕರಿಗೆ ತಿಂಗಳಿಗೆ 2 ಲಕ್ಷದ 40 ಸಾವಿರ. ರೂಮುಗಳು ಮೇಡಂ ಹೇಳಿದ ಅಳತೆಯವೇ. ನಾಲ್ಕು ಮಂಚ ಹಾಕಿ ತಲಾ 7,000 ತೆಗೆದುಕೊಂಡರೆ 5 ಲಕ್ಷದ 60 ಸಾವಿರ ಬರುತ್ತದೆ. ಅದೂ ಎಲ್ಲ ಮಂಚ ತುಂಬಿದ್ದರೆ. ಅದರಲ್ಲಿ ಕಟ್ಟಡದ ಬಾಡಿಗೆ, ಮೂರು ಹೊತ್ತು ಊಟ, ಇಬ್ಬರು ಅಡುಗೆಯವರು, ಕ್ಲೀನಿಂಗಿನವರು, ಗ್ಯಾಸು, ಕರೆಂಟು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. 70 ಚದರಡಿಯಂತೆ ರೂಮಿಗೆ ಒಬ್ಬರನ್ನೇ ಇಟ್ಟರೆ 1 ಲಕ್ಷದ 40 ಸಾವಿರ. ಕಟ್ಟಡದ ಬಾಡಿಗೆಯೇ ಹುಟ್ಟುವುದಿಲ್ಲ.

ರೂಮು ಚಿಕ್ಕದಾಗಿ ಕಟ್ಟಿದ್ದು ನಾನಲ್ಲ. ಕಿಟಕಿ ಎದುರು ಗೋಡೆ ಬರುವಂತೆ ಜಾಗ ಬಿಡದೆ ಕಟ್ಟಿದ್ದೂ ನಾನಲ್ಲ. ಆದರೆ ನೋಟಿಸ್ ಬಂದರೆ ನನ್ನ ಹೆಸರಿಗೆ ಬರುತ್ತದೆ. ಮಾಲೀಕರು ಒಂದನೇ ತಾರೀಕಿಗೆ ಫೋನ್ ಮಾಡುತ್ತಾರೆ ಅಷ್ಟೇ.

ನನ್ನ ಪಿಜಿಯಲ್ಲಿ ಸಿಸಿಟಿವಿ ಇದೆ, ಆಹಾರದ ಪರವಾನಗಿ ಇದೆ, ಬೆಂಕಿ ಆರಿಸುವ ಸಿಲಿಂಡರ್ ಮಹಡಿಗೊಂದು ಇದೆ. ದುಡ್ಡು ಖರ್ಚು ಮಾಡಿದರೆ ಆಗುವುದನ್ನು ಮಾಡಿದ್ದೇನೆ. ಗೋಡೆ ಹಿಗ್ಗಿಸಲು ನನ್ನಿಂದ ಆಗುವುದಿಲ್ಲ.

ರಿಟೈರ್ಡ್ ಇಂಜಿನಿಯರ್:
ಇವರ ಲೆಕ್ಕದಲ್ಲಿ ಸುಳ್ಳಿಲ್ಲ. ಇಂಥ ಕಟ್ಟಡಗಳು ಹುಟ್ಟುವುದು ಹೇಗೆ ಅಂತ ಹೇಳುತ್ತೇನೆ. ನಕ್ಷೆ ಮಂಜೂರು ಮಾಡಿಸುವಾಗ ಅದು ಕುಟುಂಬದ ಮನೆ. ನೆಲಮಹಡಿ ಮತ್ತು ಮೇಲೆರಡು ಅಂತಿಟ್ಟುಕೊಳ್ಳಿ. ಕಟ್ಟಿ ಮುಗಿಯುವಾಗ ಐದು ಮಹಡಿ ಆಗಿರುತ್ತದೆ. ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಗೋಡೆಯೊಳಗೆ ಸೇರಿರುತ್ತದೆ. ಎಲ್ಲರೂ ಹಾಗೇ ಕಟ್ಟಿದಾಗ ಒಬ್ಬರ ಕಿಟಕಿಗೆ ಇನ್ನೊಬ್ಬರ ಗೋಡೆ. ಗಾಳಿ, ಬೆಳಕು ಹೋಗುವುದು ಅಲ್ಲಿಯೇ. ಆ ಮೇಲೆ ಬರುವ ಪಿಜಿ ನಿಯಮ ಅದನ್ನು ವಾಪಸ್ ತರಲಾರದು.

2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಕಟ್ಟುತ್ತಿದ್ದ ಅಕ್ರಮ ಕಟ್ಟಡ ಕುಸಿದು ಒಂಬತ್ತು ಜನ ಸತ್ತರು. ಕಟ್ಟಿ ನಿಂತು ಜನ ತುಂಬಿದ ಮೇಲೆ ಅದು ಬಿದ್ದಿದ್ದರೆ? ನೆನೆದರೆ ನನಗೆ ಈಗಲೂ ನಿದ್ದೆ ಬರುವುದಿಲ್ಲ.

ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಸಿ ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು ಕೊಡಬಾರದು ಅಂದಿತು. ಓಸಿ ಅಂದರೆ ಮಂಜೂರಾದ ನಕ್ಷೆಯಂತೆಯೇ ಕಟ್ಟಿದ್ದಾರೆ, ವಾಸಕ್ಕೆ ಯೋಗ್ಯ ಅನ್ನುವ ಪತ್ರ. ಬೆಂಗಳೂರಿನಲ್ಲಿ ಅದು ಇಲ್ಲದ ಮನೆಗಳೇ ಬೀದಿ ಬೀದಿಯಲ್ಲಿ ಇವೆ. ಕಟ್ಟಿ ಮುಗಿಸಿದವರು ಕರೆಂಟಿಲ್ಲದೆ ಕೂತರು. 2025ರಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟುಗಳ ಸಣ್ಣ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಸ್ವಂತಕ್ಕೆ ಕಟ್ಟಿಕೊಂಡ ಬಡವರಿಗೆ ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ಬಾಡಿಗೆ ರೂಮುಗಳು ಎದ್ದಿರುವುದೂ ಜಾಸ್ತಿ 30×40 ಸೈಟುಗಳಲ್ಲೇ. ಮನೆ ಅಂತ ಬಂದದ್ದು ಮುಂದೆ ಪಿಜಿ ಆದರೆ ಮತ್ತೊಮ್ಮೆ ಪರೀಕ್ಷೆ ಮಾಡುತ್ತೇವೆ ಅನ್ನುವ ಒಂದು ಸಾಲು ಇರಬೇಕು. ಕೆಲಸದಲ್ಲಿದ್ದಾಗಲೂ ನಾನು ಇದನ್ನೇ ಹೇಳುತ್ತಿದ್ದೆ.

ಆರ್‌ಟಿ ನಗರ ಅಪ್ಪ:
ಪಿಜಿಗೆ ಕಾಗದದ ಮೇಲಾದರೂ ನಿಯಮ ಇದೆ. ನಮ್ಮಂಥ ಸಂಸಾರಸ್ಥರ ಕತೆ ಕೇಳಿ. ಎರಡು ಮಕ್ಕಳು, ಒಂದು ಬಿಎಚ್‌ಕೆ. ತಿಂಗಳಿಗೆ 18,000, ಅಡ್ವಾನ್ಸು ಒಂದೂವರೆ ಲಕ್ಷ. ಹಿಂದಿನ ಮನೆ ಬಿಡುವಾಗ ಪೇಂಟಿಂಗು ಅಂತ ಒಂದು ತಿಂಗಳ ಬಾಡಿಗೆ ಹಿಡಿದರು. ಗೋಡೆಗೆ ನೀರು ಇಳಿದು ಬೂಸ್ಟು ಹಿಡಿದಿತ್ತು, ಮಗಳಿಗೆ ವರ್ಷವಿಡೀ ಕೆಮ್ಮು. ಆ ಗೋಡೆಗೆ ಬಣ್ಣ ನಾವು ಹೊಡೆಸಬೇಕಂತೆ.

ಬಾಡಿಗೆ ಕಾಯ್ದೆ ಇದೆಯಲ್ಲ ಅಂತ ವಕೀಲರ ಹತ್ತಿರ ಹೋದೆ. ಅವರು ತೆರೆದು ತೋರಿಸಿದರು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇರುವ ಮನೆಗೆ ಅನ್ವಯವೇ ಆಗುವುದಿಲ್ಲ! ಇವತ್ತು 3,500ಕ್ಕೆ ಇಲ್ಲಿ ಕಾರು ನಿಲ್ಲಿಸುವ ಶೆಡ್ಡು ಸಿಕ್ಕರೆ ಪುಣ್ಯ. ಹಾಗಾದರೆ ನಮಗೆ ಇರುವುದು 11 ತಿಂಗಳ ಅಗ್ರಿಮೆಂಟು ಮಾತ್ರ. ವರ್ಷ ಮೀರಿದರೆ ನೋಂದಣಿ ಮಾಡಿಸಬೇಕು ಅಂತ ಒಂದು ತಿಂಗಳು ಮೊದಲೇ ಮುಗಿಸುತ್ತಾರೆ.

2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ತಂದಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸು ಕೂಡದು ಅಂತ ಅದರಲ್ಲಿದೆ. ಮಾದರಿ ಅಂದ ಮೇಲೆ ರಾಜ್ಯ ತನ್ನದಾಗಿ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೇಲ್ಮನೆ ಟೀಚರ್:
ಅಪ್ಪಾ, ಅಡ್ವಾನ್ಸಿನ ಬಗ್ಗೆ ನನ್ನ ಮಾತೂ ಕೇಳಿ. ನಾನೂ ಹತ್ತು ತಿಂಗಳದ್ದು ತೆಗೆದುಕೊಳ್ಳುತ್ತಿದ್ದೆ. ಆ ಹಣ ಮಗಳ ಮದುವೆಗೆ ಖರ್ಚಾಯಿತು. ಹಳಬರು ಖಾಲಿ ಮಾಡುವಾಗ ಹೊಸಬರ ಅಡ್ವಾನ್ಸಿನಲ್ಲಿ ಅವರಿಗೆ ಕೊಡುವುದು. ಎಲ್ಲರ ಮನೆಯಲ್ಲೂ ನಡೆಯುವುದು ಇದೇ. ಮಧ್ಯೆ ಎರಡು ತಿಂಗಳು ಮನೆ ಖಾಲಿ ಬಿದ್ದಾಗ ನಾನು ಬಳೆ ಅಡ ಇಟ್ಟು ಕೊಟ್ಟೆ. ಆಗ ಅರ್ಥವಾಯಿತು, ಅದು ನನ್ನ ಹಣ ಆಗಿರಲಿಲ್ಲ.

ಒಬ್ಬ ಹುಡುಗ ನಾಲ್ಕು ತಿಂಗಳು ಬಾಡಿಗೆ ಕೊಡದೆ ರಾತ್ರೋರಾತ್ರಿ ಹೋದದ್ದೂ ಇದೆ. ಅಡ್ವಾನ್ಸು ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತು? ಎರಡು ತಿಂಗಳದ್ದು ಸಾಲದು ಅಂತ ಭಯವಾಗುತ್ತದೆ. ಈಗ ನಾಲ್ಕು ತಿಂಗಳದ್ದು ತೆಗೆದುಕೊಂಡು ಬ್ಯಾಂಕಿನಲ್ಲಿ ಬೇರೆಯೇ ಇಟ್ಟಿದ್ದೇನೆ. ಬೂಸ್ಟು ಹಿಡಿದ ಗೋಡೆ ಮಾತ್ರ ಮಾಲೀಕರ ಜವಾಬ್ದಾರಿ, ಅದರಲ್ಲಿ ಎರಡು ಮಾತಿಲ್ಲ. ಮಗುವಿಗೆ ಈಗ ಹೇಗಿದೆ?

ಆರ್‌ಟಿ ನಗರ ಅಪ್ಪ:
ಈಗ ಆರಾಮಾಗಿದ್ದಾಳೆ ಟೀಚರ್. ಈ ಮನೆಗೆ ಬಿಸಿಲು ಬರುತ್ತದೆ.

ಈಸ್ಟ್ ಹ್ಯಾಮ್ ಕನ್ನಡಿಗ:
ಟೀಚರ್ ಬ್ಯಾಂಕಿನಲ್ಲಿ ಬೇರೆ ಇಟ್ಟದ್ದನ್ನು ಇಲ್ಲಿ ಕಾನೂನೇ ಮಾಡಿಸುತ್ತದೆ. ಠೇವಣಿ ಸಾಮಾನ್ಯವಾಗಿ ಐದು ವಾರದ ಬಾಡಿಗೆ ಮೀರುವಂತಿಲ್ಲ. ಅದನ್ನು ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಠೇವಣಿ ಯೋಜನೆಯೊಂದರಲ್ಲಿ ಸೇರಿಸಬೇಕು. ಬಿಡುವಾಗ ಜಗಳ ಬಂದರೆ ಆ ಯೋಜನೆಯವರೇ ಫೋಟೋ, ರಸೀದಿ ನೋಡಿ ತೀರ್ಮಾನ ಮಾಡುತ್ತಾರೆ.

ಆದರೆ ಇಲ್ಲಿ ಎಲ್ಲ ಚೆನ್ನಾಗಿದೆ ಅಂತ ಯಾರೂ ಅಂದುಕೊಳ್ಳಬೇಡಿ. 2013ರ ಜನವರಿಯಲ್ಲಿ ನ್ಯೂಹ್ಯಾಮ್ ತನ್ನ ವ್ಯಾಪ್ತಿಯ ಹೆಚ್ಚುಕಡಿಮೆ ಎಲ್ಲ ಖಾಸಗಿ ಬಾಡಿಗೆ ಮನೆಗೂ ಲೈಸೆನ್ಸ್ ಬೇಕು ಅಂತ ಮಾಡಿತು. ಇಂಗ್ಲೆಂಡಿನಲ್ಲೇ ಮೊದಲು. ಆಗ ಹಿತ್ತಲಿನ ಶೆಡ್ಡುಗಳಲ್ಲೂ ಜನರನ್ನು ತುಂಬುತ್ತಿದ್ದರು. ಅಧಿಕಾರಿಗಳು ಬೆಳಗಿನ ಜಾವ ಬಾಗಿಲು ತಟ್ಟಿ ಎಣಿಸಿದರು. ಕೆಟ್ಟ ಮಾಲೀಕರ ಮೇಲೆ ಕೇಸು ಹಾಕಿದರು. ಅದೆಲ್ಲ ನಿಜ. ಆದರೂ ಸ್ವಂತ ಸೂರಿಲ್ಲದೆ ಕೌನ್ಸಿಲ್ ಕೊಡಿಸಿದ ತಾತ್ಕಾಲಿಕ ಮನೆಗಳಲ್ಲಿ ದಿನ ದೂಡುವ ಕುಟುಂಬಗಳು ಇಡೀ ಇಂಗ್ಲೆಂಡಿನಲ್ಲಿ ಜಾಸ್ತಿ ಇರುವ ಕಡೆಗಳಲ್ಲಿ ನ್ಯೂಹ್ಯಾಮೂ ಒಂದು. ಯಾಕೆ? ಮನೆಯೇ ಸಾಲದು. 1980ರಿಂದ ಕೌನ್ಸಿಲ್ ಮನೆಗಳನ್ನು ಅದರಲ್ಲಿ ಇದ್ದವರಿಗೇ ರಿಯಾಯಿತಿಗೆ ಮಾರಿದರು. ಮಾರಿದಷ್ಟು ಮತ್ತೆ ಕಟ್ಟಲಿಲ್ಲ.

ರಿಟೈರ್ಡ್ ಇಂಜಿನಿಯರ್:
ನೀವು ಮನೆ ಮಾರಿದಿರಿ, ನಾವು ಸೈಟು ಮಾರಿದೆವು. 1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಮಲ್ಲೇಶ್ವರ, ಬಸವನಗುಡಿಗೆ ಹೋದರು. ಅಗಲ ರಸ್ತೆ, ಮನೆ ಹಿಂದೆ ಕಸ, ಮಲ ಸಾಗಿಸಲು ಕನ್ಸರ್ವೆನ್ಸಿ ಓಣಿ. ಗಾಳಿ ಬೆಳಕೇ ಆರೋಗ್ಯ ಅಂತ ಆ ಕಾಲಕ್ಕೆ ಗೊತ್ತಿತ್ತು. 1945ರಲ್ಲಿ ಬಡಾವಣೆ ಮಾಡಲು ಸಿಐಟಿಬಿ ಅನ್ನುವ ನಗರ ಸುಧಾರಣಾ ಮಂಡಳಿ ಆಯಿತು, 1948ರಲ್ಲಿ ಜಯನಗರಕ್ಕೆ ಅಡಿಗಲ್ಲು. 1976ರಲ್ಲಿ ಅದರ ಜಾಗಕ್ಕೆ ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಎಲ್ಲರೂ ಮುಖ್ಯವಾಗಿ ಮಾಡಿದ್ದು ಒಂದೇ. ಜಮೀನು ತೆಗೆದುಕೊಂಡು ಸೈಟು ಹಂಚುವುದು. ಸೈಟು ಸಿಕ್ಕವರು ಮನೆ ಕಟ್ಟಿದರು, ಮೇಲೊಂದು ಬಾಡಿಗೆಗೆ ಕೊಟ್ಟರು. ನನಗೂ ಹಾಗೇ ಸಿಕ್ಕಿತು, ಸುಳ್ಳು ಹೇಳುವುದಿಲ್ಲ. ದುಡಿಯಲು ಬರುವವರಿಗೆ ಬಾಡಿಗೆಗೆ ಕೊಡಲೆಂದೇ ಈ ಊರು ದೊಡ್ಡ ಪ್ರಮಾಣದಲ್ಲಿ ಯಾವತ್ತೂ ಕಟ್ಟಲಿಲ್ಲ. ಆ ಕೆಲಸ ಟೀಚರಮ್ಮನಂಥವರ ಮೇಲ್ಮನೆಗಳ ಮೇಲೆ ಬಿತ್ತು.

ಊರಿನ ಮಾಸ್ಟರ್ ಪ್ಲ್ಯಾನ್ ನೋಡಿ. 2015ರವರೆಗೆ ಅಂತ ಮಾಡಿ 2007ರಲ್ಲಿ ಒಪ್ಪಿಗೆಯಾದ ಪ್ಲ್ಯಾನಿನ ಮೇಲೆಯೇ ಇಷ್ಟು ವರ್ಷ ನಡೆಯಿತು. 2031ಕ್ಕೆ ಅಂತ ಮಾಡಿದ ಕರಡು ಬಂದು ವಾಪಸ್ ಹೋಯಿತು. ಮೆಟ್ರೋ ಸ್ಟೇಷನ್ನಿನ ಪಕ್ಕ ಎಷ್ಟು ಎತ್ತರ ಕಟ್ಟಬಹುದು, ಅದರಲ್ಲಿ ಎಷ್ಟು ಭಾಗ ಚಿಕ್ಕ ಬಾಡಿಗೆ ಮನೆಗೆ ಇಡಬೇಕು ಅನ್ನುವುದನ್ನೆಲ್ಲ ಅಲ್ಲಿ ಬರೆಯಬೇಕಿತ್ತು.

ಈಜಿಪುರ ಪಕ್ಕದ ರಸ್ತೆ:
ಪಾಲಿಕೆ ಕಟ್ಟಿದ ಮನೆಗಳ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನಾನು ಬೆಳೆದದ್ದು ಈಜಿಪುರದ ಇಡಬ್ಲ್ಯುಎಸ್ ಕ್ವಾರ್ಟರ್ಸ್ ಪಕ್ಕದ ರಸ್ತೆಯಲ್ಲಿ. 90ರ ದಶಕದಲ್ಲಿ ಬಡವರಿಗೆಂದು ಪಾಲಿಕೆ ಕಟ್ಟಿಸಿದ ಬ್ಲಾಕುಗಳು ಅವು. ಕಟ್ಟಡದ ಗುಣಮಟ್ಟ ಚೆನ್ನಾಗಿರಲಿಲ್ಲ. 2007ರಲ್ಲಿ ಒಂದು ಬ್ಲಾಕು ಕುಸಿಯಿತು. ಉಳಿದವನ್ನು ಕೆಡವಿದರು. ಜನ ಅಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಕಾದರು. ಖಾಸಗಿಯವರ ಜೊತೆ ಸೇರಿ ಆ ಜಾಗದ ಒಂದು ಭಾಗದಲ್ಲಿ ಬಡವರಿಗೆ ಮನೆ, ಇನ್ನೊಂದು ಭಾಗದಲ್ಲಿ ವ್ಯಾಪಾರದ ಕಟ್ಟಡ ಅಂತ ಒಪ್ಪಂದ ಆಯಿತು.

2013ರ ಜನವರಿಯಲ್ಲಿ ಜೆಸಿಬಿ ಬಂದವು. ಸುಮಾರು 1,500 ಕುಟುಂಬಗಳ ಶೆಡ್ಡು ನೆಲಸಮ ಆದವು. ನಮ್ಮ ಮಹಡಿಯಿಂದ ಕಾಣುತ್ತಿತ್ತು. ಚಳಿ ಇತ್ತು. ಒಬ್ಬ ಹೆಂಗಸು ತಗಡಿನ ರಾಶಿಯಿಂದ ಮಗುವಿನ ಸ್ಕೂಲ್ ಬ್ಯಾಗ್ ಎಳೆದು ತೆಗೆದು, ಮಣ್ಣು ಕೊಡವಿ, ಅದೇ ದಿನ ಮಗುವನ್ನು ಸ್ಕೂಲಿಗೆ ಕಳಿಸಿದ್ದು ಈಗಲೂ ಕಣ್ಣ ಮುಂದೆ ಇದೆ. ಅವರಲ್ಲಿ ಎಷ್ಟೋ ಜನ ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಪೌರಕಾರ್ಮಿಕರು. ಬೆಳಿಗ್ಗೆ ಐದಕ್ಕೆ ಕೆಲಸಕ್ಕೆ ಬರುವವರು ಊರ ಹೊರಗೆ ಹೋಗಿ ಇರುವುದು ಹೇಗೆ?

ಮನೆ ಕಟ್ಟಿ ಅನ್ನುವವರು ಇದನ್ನೂ ನೆನಪಿಡಿ. ಕಟ್ಟಿದ್ದನ್ನು ಗಟ್ಟಿಯಾಗಿ ಕಟ್ಟಬೇಕು, ರಿಪೇರಿಗೆ ದುಡ್ಡು ಇಡಬೇಕು, ಜಾಗ ಕೈಬಿಡಬಾರದು. ಊರ ಮಧ್ಯದ ಜಾಗ ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ.

ಬಿಟಿಎಂ ಪಿಜಿ:
ಅಣ್ಣ ಹೇಳಿದ್ದು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ನನ್ನ ಪಿಜಿಯ ಅಡುಗೆ ಅಕ್ಕ ಆನೇಕಲ್ ಕಡೆಯಿಂದ ಎರಡು ಬಸ್ಸು ಹತ್ತಿ ಬರುತ್ತಾರೆ.

ಮೂರನೇ ಮಂಚ:
ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ನನ್ನ ತಲೆಗೆ ಹೊಳೆದದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಟೀಚರ್ ಹೇಳಿದ ತೆರಿಗೆಯಿಂದಲೇ ಶುರು ಮಾಡಬೇಕು. ಬಾಡಿಗೆ ಅಂತ ನಿಜ ಬರೆದರೆ ದುಪ್ಪಟ್ಟು, ಸುಳ್ಳು ಬರೆದರೆ ಅರ್ಧ. ಹೀಗಿರುವಾಗ ಬಾಡಿಗೆ ಮನೆಗಳನ್ನು ಲೆಕ್ಕದಿಂದ ಮರೆ ಮಾಡಿಸುತ್ತಿರುವುದು ಪಾಲಿಕೆಯೇ ಅಲ್ವಾ? ನಾನಿರುವ ರೂಮು ಯಾವ ಪುಸ್ತಕದಲ್ಲೂ ಇಲ್ಲ. ನಾನು ಎಲ್ಲೂ ಇಲ್ಲ. ನೀರಿನ ಕೊರತೆ ಬಂದಾಗ ಎಷ್ಟು ಜನಕ್ಕೆ ನೀರು ಬೇಕು ಅಂತ ಯಾವ ಲೆಕ್ಕದ ಮೇಲೆ ಹೇಳುತ್ತಾರೆ? ಬೆಂಕಿ ಬಿದ್ದರೆ ಒಳಗೆ ಎಷ್ಟು ಜನ ಇದ್ದಾರೆ ಅಂತ ಯಾರಿಗೆ ಗೊತ್ತು?

ಬಾಡಿಗೆಗೂ ಸ್ವಂತಕ್ಕೂ ಒಂದೇ ದರ ಮಾಡಲಿ. ಬದಲಿಗೆ ಬಾಡಿಗೆ ಅಂತ ಬರೆದವರ ಮನೆಯ ಅಳತೆ, ಎಷ್ಟು ಜನ, ನೀರು ಎಲ್ಲಿಂದ, ಇಷ್ಟು ಮಾತ್ರ ಕೇಳಲಿ. ಪಿಜಿಯಾದರೆ ಪ್ರತಿ ರೂಮಿನ ಬಾಗಿಲ ಮೇಲೆ ಚದರಡಿ ಮತ್ತು ಎಷ್ಟು ಮಂಚಕ್ಕೆ ಒಪ್ಪಿಗೆ ಅಂತ ಬರೆಸಲಿ. ಬಸ್ಸಿನಲ್ಲಿ ಇಷ್ಟು ಸೀಟು ಅಂತ ಬರೆದಿರುತ್ತಾರಲ್ಲ, ಹಾಗೆ.

ರಿಟೈರ್ಡ್ ಇಂಜಿನಿಯರ್:
ಒಂದೇ ದರ ಮಾಡಿದರೆ ಪಾಲಿಕೆಗೆ ಬರುವ ದುಡ್ಡು ಕಡಿಮೆ ಆಗುತ್ತದೆ ತಾಯಿ. ಅದನ್ನು ಎಲ್ಲಿಂದ ತುಂಬುವುದು ಅಂತ ಮೊದಲ ದಿನವೇ ಕೇಳುತ್ತಾರೆ. ಇನ್ನೊಂದು ಭಯ ನನಗಿದೆ. ಪಟ್ಟಿ ಆದ ಕೂಡಲೇ ಅದನ್ನು ಹಿಡಿದುಕೊಂಡು ವಸೂಲಿಗೆ ಹೋಗುವವರು ಇರುತ್ತಾರೆ. ಲೈಸೆನ್ಸ್ ಅಂದರೆ ತಿಂಗಳ ಮಾಮೂಲು ಅಂತ ಆಗಬಾರದು.

ಮೇಲ್ಮನೆ ಟೀಚರ್:
ದುಡ್ಡು ಕಡಿಮೆ ಆಗುತ್ತದೆ ಅಂತ ಹೇಗೆ ಹೇಳುತ್ತೀರಿ ಇಂಜಿನಿಯರ್ ಸಾರ್? ದುಪ್ಪಟ್ಟು ಕಟ್ಟುತ್ತಿರುವವರು ನನ್ನಂಥವರು ಎಷ್ಟು ಜನ? ನಮ್ಮ ಬೀದಿಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರು ನನಗೆ ಗೊತ್ತಿಲ್ಲ.

ಈಸ್ಟ್ ಹ್ಯಾಮ್ ಕನ್ನಡಿಗ:
ಮಾಮೂಲಿನ ಭಯಕ್ಕೆ ಒಂದೇ ದಾರಿ, ಪಟ್ಟಿ ಎಲ್ಲರಿಗೂ ಕಾಣಬೇಕು. ಇನ್‌ಸ್ಪೆಕ್ಟರ್ ಕೈಯಲ್ಲಿ ಮಾತ್ರ ಇದ್ದರೆ ಅದು ಅವರ ಬಲ. ಬಾಡಿಗೆದಾರರ ಮೊಬೈಲಿನಲ್ಲೂ ಇದ್ದರೆ ರೂಮಿನಲ್ಲಿ ಮಲಗುವವರೇ ಅಳೆದು ಹೇಳುತ್ತಾರೆ. ಇಲ್ಲಿಯೂ ಕೇಸು ಶುರುವಾಗುವುದು ಬಹಳ ಸಲ ಬಾಡಿಗೆದಾರರ ದೂರಿನಿಂದಲೇ.

ಈಜಿಪುರ ಪಕ್ಕದ ರಸ್ತೆ:
ದೂರು ಯಾರಿಗೆ ಕೊಡುವುದು ಅನ್ನುವುದೂ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಒಡೆದು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ ಮಾಡಿ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇಟ್ಟರು. ಅಷ್ಟು ಹೊತ್ತಿಗೇ ಐದು ವರ್ಷ ಕಾರ್ಪೊರೇಟರ್ ಇಲ್ಲದೆ ಕಳೆದಿತ್ತು. ಪಿಜಿ ನಿಯಮ ಬಂದದ್ದೂ ಆ ಮಧ್ಯೆಯೇ. ಅದನ್ನು ಯಾವ ಸಭೆಯಲ್ಲೂ ಯಾವ ವಾರ್ಡಿನವರೂ ಚರ್ಚೆ ಮಾಡಲಿಲ್ಲ. 70 ಚದರಡಿ ಮಾಡಿದರೆ ಉಳಿದ ಮಂಚದವರು ಎಲ್ಲಿಗೆ ಹೋಗಬೇಕು ಅಂತ ಕೇಳಲು ಅಲ್ಲಿ ಒಬ್ಬರೂ ಇರಲಿಲ್ಲ. ಇನ್ನು ಪಿಜಿಯಲ್ಲಿರುವ ನೀವೆಲ್ಲ ಮತದಾರರ ಪಟ್ಟಿಯಲ್ಲಿ ಊರಿನಲ್ಲೇ ಇರುತ್ತೀರಿ. ವೋಟು ಕೇಳಲು ಬರುವವರು ನಿಮ್ಮ ಮೆಟ್ಟಿಲು ಹತ್ತುವುದಿಲ್ಲ. ವರ್ಗಾಯಿಸಿಕೊಳ್ಳಿ ತಂಗಿ, ನಿಮ್ಮ ರೂಮಿನವರಿಗೂ ಹೇಳಿ.

ಮೂರನೇ ಮಂಚ:
ನಮ್ಮ ರೂಮಿನಲ್ಲಿ ಒಬ್ಬರದೂ ಇಲ್ಲಿ ಇಲ್ಲ. ಬಾಡಿಗೆ ಕರಾರು ಇಲ್ಲದೆ ವಿಳಾಸಕ್ಕೆ ಏನು ತೋರಿಸುವುದು ಅಂತ ಸುಮ್ಮನಿದ್ದೆವು. ವಿಚಾರಿಸುತ್ತೇನೆ.

ಬಿಟಿಎಂ ಪಿಜಿ:
ಕೇಳಿದರೆ ಕರಾರು ಬರೆದು ಕೊಡುವುದು ಕಷ್ಟವೇನಲ್ಲ ಮೇಡಂ. ನಾನು ಕೊಡುತ್ತೇನೆ. ಎಲ್ಲರೂ ಕೊಡಬೇಕು. ಇನ್ನೊಂದು ನನ್ನ ಕಡೆಯ ಬೇಡಿಕೆ, ಬರೆದುಕೊಳ್ಳಿ. ನೋಟಿಸು ಕೊಟ್ಟರೆ ಕಟ್ಟಡದ ಮಾಲೀಕರ ಹೆಸರಿಗೂ ಕೊಡಲಿ. ಮೂರೇ ಮಂಚಕ್ಕೆ ಒಪ್ಪಿಗೆ ಅಂತ ಬಾಗಿಲ ಮೇಲೆ ಬರೆದಿದ್ದರೆ, ನಾಲ್ಕು ಮಂಚದ ಲೆಕ್ಕದ ಬಾಡಿಗೆಯನ್ನು ಅವರು ನನ್ನಿಂದ ಕೇಳುವುದು ಹೇಗೆ? ಚೌಕಾಸಿ ಮಾಡಲು ನನಗೂ ಒಂದು ಹಿಡಿ ಸಿಗುತ್ತದೆ.

ಮೂರನೇ ಮಂಚ (ಮೂರು ವಾರದ ನಂತರ):
ಏನಾಯಿತು ಅಂತ ಕೇಳಿ ಕೆಲವರು ಮೆಸೇಜ್ ಮಾಡಿದ್ದಿರಿ. ಅದಕ್ಕೆ ಬರೆಯುತ್ತಿದ್ದೇನೆ.

ನಾವು ನಾಲ್ವರೂ ಸಹಿ ಹಾಕಿ ಒಂದು ಪುಟದ ಪತ್ರ ಕೊಟ್ಟೆವು. ರೂಮಿನ ಅಳತೆ ಬರೆದೆವು. ಯಾರನ್ನೂ ಕಳಿಸಬೇಡಿ, ಖಾಲಿಯಾದ ಮಂಚ ತುಂಬಬೇಡಿ, ಅಷ್ಟು ಮಾಡಿದರೆ ತಲಾ 1,000 ಜಾಸ್ತಿ ಕೊಡುತ್ತೇವೆ ಅಂದೆವು. ಪಿಜಿಯವರು ಎರಡು ದಿನ ಬಿಟ್ಟು ಒಪ್ಪಿದರು. ಬಾಡಿಗೆ ಕರಾರನ್ನೂ ಬರೆದು ಕೊಟ್ಟರು. ಮತದಾರರ ಪಟ್ಟಿಗೆ ಅರ್ಜಿ ಹಾಕಿದ್ದೇನೆ.

ಮದುವೆ ನಿಶ್ಚಯ ಆದವಳು ಹೋಗಲು ಇನ್ನೂ ಸಮಯ ಇತ್ತು. ಆದರೆ ಒಂದನೇ ಮಂಚದ ಹುಡುಗಿ ಮೊನ್ನೆ ಭಾನುವಾರ ಖಾಲಿ ಮಾಡಿದಳು. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಅವಳು, ಮನೆಗೆ ದುಡ್ಡು ಕಳಿಸಬೇಕು. ಸಾವಿರ ಜಾಸ್ತಿ ಅವಳಿಗೆ ಆಗಲಿಲ್ಲ. ಸಹಿ ಹಾಕುವಾಗ ಹೇಳಿರಲಿಲ್ಲ. ನಾವು ಮೂವರು ಹಂಚಿಕೊಳ್ಳುತ್ತೇವೆ, ಇರು ಅಂದೆವು, ಕೇಳಲಿಲ್ಲ.

ಈಗ ರೂಮಿನಲ್ಲಿ ತಲಾ 40 ಚದರಡಿ. ಮಂಚ ತೆಗೆದ ಜಾಗದಲ್ಲಿ ನೆಲದ ಟೈಲ್ಸ್ ಬೇರೆಯೇ ಬಣ್ಣ ಇದೆ. ಅಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇಟ್ಟಿದ್ದೇವೆ. ಮೂವರೂ ಒಟ್ಟಿಗೆ ಎದ್ದು ನಿಲ್ಲಬಹುದು.

ಅವಳು ಎರಡು ರಸ್ತೆ ಆಚೆ ಇನ್ನೊಂದು ಪಿಜಿಗೆ ಹೋಗಿದ್ದಾಳೆ. ನಿನ್ನೆ ನೋಡಲು ಹೋಗಿದ್ದೆ. ಹೊಲಿಗೆ ಟೇಪು ಜೊತೆಗೇ ಒಯ್ದಿದ್ದೆ. 11 ಅಡಿ, 9 ಅಡಿ. ನಾಲ್ಕು ಮಂಚ. ತಲಾ 25 ಚದರಡಿಯೂ ಇಲ್ಲ. ಬಾಡಿಗೆ 6,500.